ನಲವತ್ತು ಹೆಜ್ಜೆ, ಎಡಕ್ಕೆ ಹನ್ನೆರಡು

ಟೇಪಣ್ಣ ಜನರನ್ನು ಮುಖದಿಂದ ಗುರುತಿಸುವವನಲ್ಲ, ಸೊಂಟದಿಂದ. ಬೀದಿಯಲ್ಲಿ ಎದುರಾದವರು ನಮಸ್ಕಾರ ಅಂದರೆ ಅವನ ಕಣ್ಣು ಮೊದಲು ಅವರ ಹೊಟ್ಟೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಮೂವತ್ತೆಂಟು, ಹೋದ ವರ್ಷ ಮೂವತ್ತಾರಿತ್ತು’ ಎಂದು ಒಳಗೊಳಗೇ ಬರೆದುಕೊಂಡು, ಆಮೇಲೆ ಮುಖಕ್ಕೆ ಬರುತ್ತಿತ್ತು. ಹೆಸರು ಮರೆತರೂ ಅಳತೆ ಮರೆಯುತ್ತಿರಲಿಲ್ಲ. ಕೊರಳಲ್ಲಿ ಸದಾ ಹಳದಿ ಟೇಪು. ಊಟಕ್ಕೆ ಕೂತಾಗಲೂ ಅದು ಕೆಳಗಿಳಿಯುತ್ತಿರಲಿಲ್ಲ. ಅಪ್ಪ ಇಟ್ಟ ಹೆಸರು ಸರ್ಕಾರಿ ಕಾಗದಗಳಲ್ಲಿ ಕ್ಷೇಮವಾಗಿತ್ತು, ಊರಿಗೆ ಟೇಪಣ್ಣನೇ ಸಾಕಾಗಿದ್ದ.

ಅಪ್ಪನೂ ದರ್ಜಿ. ಅದೇ ಅಂಗಡಿ, ಅದೇ ಕತ್ತರಿ, ಅದೇ ಕಾಲು ಕುಂಟುವ ಮೇಜು. ಎದುರಿಗೆ ರೆಡಿಮೇಡ್ ಅಂಗಡಿ ಬಂದ ಮೇಲೆ ಗಿರಾಕಿಗಳು ಅಲ್ಲಿ ಪ್ಯಾಂಟು ಕೊಂಡು ಇಲ್ಲಿ ಉದ್ದ ಕಡಿಮೆ ಮಾಡಿಸಲು ಬರತೊಡಗಿದರು. ಹೀಗೆ ಹೊಲಿಯುವವನು ಕತ್ತರಿಸುವವನಾದಾಗ ಟೇಪಣ್ಣನಿಗೆ ಅರವತ್ತಮೂರು ವರ್ಷ. ಕೈಯಲ್ಲಿ ಬೇಕಾದಷ್ಟು ಮಧ್ಯಾಹ್ನಗಳು.

ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು ಅಕ್ಕ. ಎರಡು ಬೀದಿ ಆಚೆ ಮಗಳ ಜೊತೆ ಇದ್ದಾಳೆ. ಅವನು ಹುಟ್ಟಿದ ಹನ್ನೆರಡನೇ ದಿನಕ್ಕೆ ಅಮ್ಮ ತೀರಿಹೋದಳು. ಅಲ್ಲಿಂದ ಮುಂದೆ ಅಕ್ಕನೇ ಅಮ್ಮ. ಇವತ್ತಿಗೂ ಅವನನ್ನು ‘ಪುಟ್ಟಾ’ ಅನ್ನುವ, ಅಂದು ಬದುಕಿಕೊಳ್ಳುವ ಏಕೈಕ ವ್ಯಕ್ತಿ ಅವಳು. ಅಕ್ಕನಿಗೆ ಬದುಕಿನಲ್ಲಿ ದೊಡ್ಡ ಆಸೆಗಳಿರಲಿಲ್ಲ, ಇದ್ದದ್ದು ಒಂದೇ, ಅದೂ ಹಳೆಯದು. ಅಮ್ಮನನ್ನು ಹೂತ ಜಾಗ ಅವಳಿಗೆ ಗೊತ್ತಿರಲಿಲ್ಲ. ಸ್ಮಶಾನದ ಹಿಂಭಾಗದಲ್ಲಿ ಕಲ್ಲಿಲ್ಲದವರ ಒಂದು ದೊಡ್ಡ ಬಯಲಿದೆ, ಅಲ್ಲೆಲ್ಲೋ. ಅಪ್ಪ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಕೇಳಿದಾಗೆಲ್ಲ, “ಬಾವಿಯಿಂದ ನಲವತ್ತು ಹೆಜ್ಜೆ” ಎಂದು ಹೇಳಿ ಹೊಲಿಗೆಯಂತ್ರದ ಪೆಡಲು ಜೋರಾಗಿ ತುಳಿಯುತ್ತಿದ್ದರು. ಆ ಸದ್ದಿನ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಮಕ್ಕಳಿಗೆ ಬರಲಿಲ್ಲ. ಆಮೇಲೆ ಅಪ್ಪನೂ ಹೋದರು.

ಅಕ್ಕ ವರ್ಷಕ್ಕೊಮ್ಮೆ ಹೋಗಿ ಬಾವಿಕಟ್ಟೆಯ ಹತ್ತಿರ ನಿಂತು, ಇಡೀ ಬಯಲನ್ನು ಒಟ್ಟಾರೆ ನೋಡಿ ಬರುತ್ತಿದ್ದಳು.

“ಮದುವೆ ಮನೇಲಿ ಯಾರ್ದೋ ಮುಖ ಹುಡುಕ್ದಂಗೆ ಆಗುತ್ತೆ ಕಣೋ ಪುಟ್ಟಾ,” ಎಂದಳು ಒಂದು ಸಲ. “ನಂಗೇನು ದೊಡ್ಡ ಗೋರಿ ಕಟ್ಟಿಸ್ಬೇಕಾಗಿಲ್ಲ. ಒಂದು ಕಡೆ ನಿಂತ್ಕೋಬೇಕು, ಅಷ್ಟೇ. ಮಂಡಿ ಕೈ ಕೊಡೋದ್ರೊಳಗೆ.”

ಅಕ್ಕನ ಮಂಡಿ ಆಗಲೇ ಅರ್ಧ ಕೈ ಕೊಟ್ಟಿತ್ತು. ಟೇಪಣ್ಣ ಮಾರನೇ ದಿನ ಸ್ಮಶಾನದ ಕಚೇರಿಗೆ ಹೋದ.

ಕಚೇರಿ ಅಂದರೆ ಒಂದು ಕೋಣೆ, ಒಂದು ಬೀರು, ಒಬ್ಬಳು ಗುಮಾಸ್ತೆ. ಮೇಡಂ ಎಂದು ಎಲ್ಲರೂ ಕರೆಯುವ ಈ ಹೆಂಗಸು ಗಿಡ್ಡ, ಚುರುಕು. ಕಣ್ಣಿನ ಅಳತೆಯಲ್ಲಿ ಭುಜ ಹದಿಮೂರೂವರೆ. ಅವನು ಹೇಳಿದ್ದನ್ನೆಲ್ಲ ಕೇಳಿ, ಬೀರುವಿನ ಬಾಗಿಲನ್ನು ಮಂಡಿಯಿಂದ ಒಂದು ಗುದ್ದು ಗುದ್ದಿ ತೆರೆದು, ಹನ್ನೊಂದು ದಪ್ಪ ರಿಜಿಸ್ಟರುಗಳನ್ನು ತೋರಿಸಿದಳು.

“ಇದ್ರಲ್ಲಿ ಎಲ್ಲಾರೂ ಇದ್ದಾರೆ. ಆದ್ರೆ ಯಾರು ಎಲ್ಲಿದ್ದಾರೆ ಅಂತ ನಂಗೆ ಗೊತ್ತಿಲ್ಲ. ನಾನು ಬಂದು ಆರು ವರ್ಷ, ಇದನ್ನ ಓದೋಕೆ ಆರು ಜನ್ಮ ಬೇಕು. ಗೆದ್ದಲು ಒಂದೇ ದಿನಾ ಓದ್ತಾ ಇರೋದು.”

ಟೇಪಣ್ಣ ಒಂದನ್ನು ತೆರೆದ. ಹಳೇ ಗುಮಾಸ್ತರ ಕೈಬರಹ ಜೇಡ ಶಾಯಿಯಲ್ಲಿ ಬಿದ್ದು ಎದ್ದು ಓಡಿದಂತಿತ್ತು. ಆದರೆ ಅವನಿಗೆ ಸರಾಗವಾಗಿ ಓದಲು ಬಂತು. ಅಪ್ಪನ ಅಳತೆ ಪುಸ್ತಕಗಳನ್ನು ನಲವತ್ತು ವರ್ಷ ಓದಿದವನಿಗೆ ಇದು ಮುದ್ರಿತ ಅಕ್ಷರ. ಹೆಸರು, ವಯಸ್ಸು, ಕಾಯಿಲೆ, ಕೊನೆಯಲ್ಲಿ ಜಾಗ: ‘ಬಾವಿಯಿಂದ ಪೂರ್ವಕ್ಕೆ ಇಪ್ಪತ್ತೆರಡು ಹೆಜ್ಜೆ, ಎಡಕ್ಕೆ ಒಂಬತ್ತು.’ ಪುಟ ಪುಟಕ್ಕೂ ಹೀಗೇ. ಬಾವಿ ಈಗಲೂ ಇತ್ತು, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದರು.

ಮೇಡಂ ಲಾಭ ಕಂಡಲ್ಲಿ ಬಿಡುವವಳಲ್ಲ. “ನಿಮಗೆ ಓದೋಕೆ ಬರುತ್ತಲ್ಲ? ಹಾಗಾದ್ರೆ ನಿಮ್ಮ ತಾಯಿಯವರದ್ದು ಹುಡುಕೋವಾಗ ಉಳಿದವ್ರದ್ದೂ ಬರ್ಕೊಂಡು ಹೋಗಿ. ಒಂದೇ ದಾರಿ ಅಲ್ವಾ?”

ಮನೆಗೆ ಉಪ್ಪು ತರಲು ಹೋದವನು ಅಂಗಡಿಯನ್ನೇ ಹೊತ್ತು ತಂದ ಹಾಗಾಯಿತು. ಟೇಪಣ್ಣ ದಿನವೂ ಮಧ್ಯಾಹ್ನ ಹೋಗಿ ಪುಟಗಳ ಫೋಟೋ ತೆಗೆದ. ಅಕ್ಕನ ಮಗಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅವಳು ಅಂತರ್ಜಾಲದಲ್ಲಿ ಒಂದು ತಾಣ ಮಾಡಿಕೊಟ್ಟಳು. ಹೆಸರು ಹೊಡೆದರೆ ರಿಜಿಸ್ಟರಿನ ಪುಟ ಬರುತ್ತಿತ್ತು, ಪಕ್ಕದಲ್ಲಿ ಸ್ಮಶಾನದ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ. “ಮಾಮ, ಒಂದು ಹೆಜ್ಜೆ ಅಂದ್ರೆ ಎಷ್ಟು ಅಂತ ಹಾಕ್ಲಿ?” ಎಂದು ಕೇಳಿದಾಗ ಟೇಪಣ್ಣ ಎದ್ದು ನಾಲ್ಕು ಹೆಜ್ಜೆ ನಡೆದು, ಟೇಪು ಹಿಡಿದು, “ಎರಡೂವರೆ ಅಡಿ” ಎಂದ. ಅಷ್ಟು ಆತ್ಮವಿಶ್ವಾಸದಿಂದ ಅವನು ಜೀವಮಾನದಲ್ಲಿ ಇಷ್ಟು ದೊಡ್ಡ ತಪ್ಪು ಮಾಡಿರಲಿಲ್ಲ.

ಅಮ್ಮನ ವರ್ಷದ ರಿಜಿಸ್ಟರು ಏಳನೆಯದು. ಅವನು ಅದನ್ನು ಮೊದಲು ತೆರೆಯಬಹುದಿತ್ತು. ತೆರೆಯಲಿಲ್ಲ. ದರ್ಜಿ ತನ್ನ ಅಂಗಿಯನ್ನು ಕೊನೆಗೆ ಹೊಲಿಯುತ್ತಾನೆ. ಸರದಿ ಮುರಿಯುವುದು ಅವನ ಕಸುಬಿನಲ್ಲಿ ಇರಲಿಲ್ಲ. ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು, “ಸತ್ತೋರ ಅಳತೆ ತಗೊಳ್ತಾ ಕೂತ್ರೆ ಬದುಕಿರೋರ ಗುಂಡಿ ಯಾರು ಹಾಕ್ತಾರ್ರೀ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗುಂಡಿ ಹಾಕಲು ತಾನೇ ಕೂತಳು.

ಆರು ರಿಜಿಸ್ಟರು ಮುಗಿದು ಸಾವಿರದ ಮೇಲೆ ಚುಕ್ಕೆ ಬಿದ್ದಾಗ ಫೋನುಗಳು ಶುರುವಾದವು. ಮೊದಲು ಹೊಗಳಿಕೆ: ದೂರದ ಊರುಗಳಿಂದ, ಕಂಡರಿಯದ ಮೊಮ್ಮಕ್ಕಳು. ಎರಡನೇ ವಾರ ಧಾಟಿ ಬದಲಾಯಿತು.

“ಸ್ವಾಮಿ, ನಮ್ಮ ತಾತನ ಚುಕ್ಕೆ ನೋಡ್ದೆ. ತುಂಬಾ ಸಂತೋಷ. ಒಂದೇ ಪ್ರಶ್ನೆ, ಅಲ್ಲಿ ಈಗ ಕಚೇರಿಯವ್ರ ಕಕ್ಕಸು ಇದೆಯಲ್ಲ?”

“ಅದು... ಕಕ್ಕಸು ಆಮೇಲೆ ಕಟ್ಟಿರಬಹುದು.”

“ತಾತ ಸತ್ತಾಗ ಹಾಕಿದ ಕಲ್ಲು ಇಪ್ಪತ್ತಡಿ ಆಚೆ ಇನ್ನೂ ನಿಂತಿದೆ ಸ್ವಾಮಿ. ತಾತ ರಾತ್ರಿ ಎದ್ದು ಹೋಗಿರಬಹುದು ಅಂತೀರಾ?”

ಟೇಪಣ್ಣ ತಾಣ ತೆರೆದು ನೋಡಿದ. ಒಂದು ಚುಕ್ಕೆ ನಡುದಾರಿಯಲ್ಲಿತ್ತು, ಇನ್ನೊಂದು ಕಾಂಪೌಂಡಿನಾಚೆ ಸೈಕಲ್ ರಿಪೇರಿಯವನ ಅಂಗಡಿಯೊಳಗೆ. ಎರಡು ಕುಟುಂಬಗಳು ಒಂದೇ ಚುಕ್ಕೆಗೆ ಜಗಳ ಹೂಡಿದ್ದವು. ಜೊತೆಗೆ ಊರ ಆಡಳಿತದವರು ತಾಣ ನೋಡಿ ಮೆಚ್ಚಿ, ಕಲ್ಲಿಲ್ಲದ ಸಮಾಧಿಗಳಿಗೆಲ್ಲ ನಂಬರು ಕೆತ್ತಿದ ಸಣ್ಣ ಕಲ್ಲು ನೆಡಲು ಒಪ್ಪಿಬಿಟ್ಟಿದ್ದರು. ನೆಡುವ ದಿನವೂ ಗೊತ್ತಾಗಿತ್ತು: ನಾಲ್ಕು ತಿಂಗಳ ನಂತರದ ಒಂದು ಸೋಮವಾರ. ಅದರ ಹಿಂದಿನ ಶುಕ್ರವಾರ ಪಟ್ಟಿ ಮುಚ್ಚುತ್ತದೆ. ಜಾಗ ಖಚಿತವಾಗದವರ ಹೆಸರುಗಳನ್ನು ಗೇಟಿನ ಬಳಿ ಒಂದೇ ಹಲಗೆಯ ಮೇಲೆ ಬರೆಸುವುದು. ತಪ್ಪು ಚುಕ್ಕೆಗೆ ಕಲ್ಲು ಬಿದ್ದರೆ ಅದು ತಲೆಮಾರುಗಟ್ಟಲೆ ತಪ್ಪಾಗೇ ನಿಲ್ಲುತ್ತದೆ.

ಟೇಪಣ್ಣ ಮೇಡಂಳನ್ನು ಕರೆದುಕೊಂಡು ಬಾವಿಯ ಹತ್ತಿರ ಹೋದ. ಕಲ್ಲಿರುವ ಒಂದು ಸಮಾಧಿ ಆರಿಸಿಕೊಂಡರು. ರಿಜಿಸ್ಟರಿನಲ್ಲಿ ಮೂವತ್ತೊಂದು ಹೆಜ್ಜೆ. ಅವನು ನಡೆದ, ಮೂವತ್ತೈದಾಯಿತು.

“ನೀವು ಸಣ್ಣ ಹೆಜ್ಜೆ ಇಟ್ರಿ,” ಎಂದು ಮೇಡಂ ತಾನು ನಡೆದಳು. ನಲವತ್ತೆಂಟಾಯಿತು.

“ನಾನು ಸಣ್ಣ ಹೆಜ್ಜೆ ಇಟ್ನಾ?”

“ಹಾಗಾದ್ರೆ ರಿಜಿಸ್ಟರು ಸುಳ್ಳು ಹೇಳುತ್ತಾ?”

ಟೇಪಣ್ಣ ಮೇಡಂಳ ಕಾಲು ನೋಡಿದ, ತನ್ನ ಕಾಲು ನೋಡಿಕೊಂಡ. ಇಷ್ಟು ವರ್ಷ ಒಬ್ಬರ ಪ್ಯಾಂಟು ಇನ್ನೊಬ್ಬರಿಗೆ ಆಗುವುದಿಲ್ಲ ಎಂಬ ಒಂದೇ ಸತ್ಯದ ಮೇಲೆ ಅನ್ನ ತಿಂದವನು ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಆಗುತ್ತದೆಂದು ಹೇಗೆ ನಂಬಿದ?

“ಮೇಡಂ, ಈ ಹೆಜ್ಜೆಗಳು ಯಾರವು?”

“ಗುಂಡಿ ತೋಡಿದವ್ರದ್ದು. ಅವ್ರು ನಡೆದು ಹೇಳ್ತಿದ್ರು, ಗುಮಾಸ್ತ್ರು ಬರ್ಕೊಳ್ತಿದ್ರು. ಯಾರು ಅಂತ ನಾನೆಲ್ಲಿಂದ ಹೇಳ್ಲಿ? ಅವ್ರೂ ಇಲ್ಲೇ ಎಲ್ಲೋ ಮಲಗಿದ್ದಾರೆ.”

ಟೇಪಣ್ಣನಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಬಹುದೆಂದು. ಊರ ಕೆಲಸಗಾರರಿಗೆ ವರ್ಷಕ್ಕೆರಡು ಖಾಕಿ ಪ್ಯಾಂಟು ಹೊಲಿಯುತ್ತಿದ್ದದ್ದು ಅಪ್ಪ. ಅಟ್ಟದ ಮೇಲೆ ಅಪ್ಪನ ಅಳತೆ ಪುಸ್ತಕಗಳು ಇಪ್ಪತ್ತನಾಲ್ಕು ಇದ್ದವು. ಅವನು ಅಟ್ಟ ಹತ್ತಿ ತಲೆಗೆ ಜೇಡರಬಲೆ ಸುತ್ತಿಕೊಂಡು ಇಳಿದು ಬಂದಾಗ ಹೆಂಡತಿ, “ವಯಸ್ಸಾದ ಮೇಲೆ ಟೋಪಿ ಒಪ್ಪುತ್ತೆ ಬಿಡಿ,” ಎಂದಳು.

ಅಪ್ಪ ಹೆಸರು ಬರೆಯುವುದರಲ್ಲಿ ಜಿಪುಣರು, ಅಳತೆ ಬರೆಯುವುದರಲ್ಲಿ ದಾನಿ. ‘ಸ್ಮಶಾನದ ಕೊಕ್ಕರೆ. ಕಾಲಿನ ಒಳ ಉದ್ದ ಮೂವತ್ತನಾಲ್ಕು. ಸೊಂಟ ಇಪ್ಪತ್ತೆಂಟು, ಬೆಲ್ಟು ಕೊಡಬೇಕು, ಇಲ್ಲದಿದ್ದರೆ ಗುಂಡಿಯಲ್ಲಿ ಬಿಟ್ಟು ಬರುತ್ತಾನೆ.’ ವರ್ಷಾನುವರ್ಷ ಇದೇ ಕೊಕ್ಕರೆ. ಆಮೇಲೆ ಒಂದು ಪುಟದಲ್ಲಿ ‘ಹೊಲಿದಿದೆ, ಒಯ್ಯಲು ಬರಲಿಲ್ಲ, ತೀರಿಕೊಂಡ’. ಮುಂದಿನ ಪುಟದಲ್ಲಿ ಹೊಸಬ: ‘ಸ್ಮಶಾನದ ಮೊಟಕ. ಒಳ ಉದ್ದ ಇಪ್ಪತ್ತೈದೂವರೆ. ಕೊಕ್ಕರೆಯದ್ದನ್ನೇ ಕತ್ತರಿಸಿ ಕೊಟ್ಟೆ.’

ಒಂದೇ ಪ್ಯಾಂಟು, ಎಂಟೂವರೆ ಇಂಚು ವ್ಯತ್ಯಾಸ. ಅದೇ ವ್ಯತ್ಯಾಸ ಬಯಲಿನ ತುದಿಗೆ ಹೋಗುವಷ್ಟರಲ್ಲಿ ಇಪ್ಪತ್ತು, ಮೂವತ್ತು ಅಡಿಯಾಗಿ, ಪಾಪದ ತಾತನನ್ನು ಕಕ್ಕಸಿಗೆ ಕಳಿಸಿತ್ತು.

ಉಳಿದದ್ದು ಕೂಲಿ ಕೆಲಸ. ಕೊಕ್ಕರೆಯ ಕಾಲದ ಕಲ್ಲುಗಳನ್ನು ಅಳೆದರು. ಹೆಜ್ಜೆಗೆ ಎರಡು ಅಡಿ ಹತ್ತು ಇಂಚು ಬಂತು. ಮೊಟಕನ ಕಾಲದ್ದಕ್ಕೆ ಎರಡು ಅಡಿ ಒಂದು ಇಂಚು. ಅಕ್ಕನ ಮಗಳು ಲೆಕ್ಕ ಬದಲಾಯಿಸಿದಳು, ಚುಕ್ಕೆಗಳು ತಮ್ಮ ತಮ್ಮ ಮನೆಗೆ ಸರಿದವು. ತಾಣದಲ್ಲಿ ‘ಅಳೆದವರು’ ಎಂಬ ಒಂದು ಹೊಸ ಅಂಕಣ ಸೇರಿತು. ಅದರ ಕೆಳಗೆ ಟೇಪಣ್ಣ ಒಂದು ನಿಯಮ ಬರೆಸಿದ: ಹೆಜ್ಜೆ ಯಾರದೆಂದು ತಿಳಿಯದಿದ್ದರೆ, ಅಥವಾ ಪಕ್ಕದ ಕಲ್ಲಿನಿಂದ ತಾಳೆ ನೋಡಲಾಗದಿದ್ದರೆ, ಅಂಥವರ ಜಾಗ ತೋರಿಸುವುದಿಲ್ಲ.

ನಿಯಮ ಬರೆಯುವುದು ಸುಲಭ. ಒಬ್ಬ ಲಾರಿ ಮಾಲೀಕ ಅಂಗಡಿಗೇ ಬಂದ. ಸೊಂಟ ನಲವತ್ನಾಲ್ಕು. ಅವನ ಅಜ್ಜನ ಸಾಲಿನಲ್ಲಿ ಗೆದ್ದಲು ಹೆಜ್ಜೆಗಳನ್ನೇ ತಿಂದಿತ್ತು.

“ಹಲಗೆ ಮೇಲೆ ಹೆಸರು ಬೇಡ. ಗೇಟಿನ ಹತ್ತಿರ, ಮೂಲೆಯಲ್ಲಿ ಒಳ್ಳೆ ಜಾಗ ಇದೆ, ಅಲ್ಲಿ ಹಾಕ್ಬಿಡಿ. ಯಾರಿಗೆ ಗೊತ್ತಾಗುತ್ತೆ?”

“ನಾನೇನು ಸೈಟು ಹಂಚ್ತಾ ಇದ್ದೀನಾ ಯಜಮಾನ್ರೆ? ಮೂಲೆ ಸೈಟು, ಗಾಳಿ ಬೆಳಕು ಚೆನ್ನಾಗಿದೆ ಅಂತ?”

“ಒಂದು ಚುಕ್ಕೆ ತಾನೇ.”

“ಆ ಚುಕ್ಕೆ ಕೆಳಗೆ ಇನ್ಯಾರೋ ಇದ್ರೆ? ನಿಮ್ಮ ಮೊಮ್ಮಕ್ಕಳು ಬಂದು ಯಾರ್ದೋ ಅಜ್ಜನಿಗೆ ಕೈ ಮುಗೀತಾರೆ. ಅವ್ರ ಮೊಮ್ಮಕ್ಕಳು ಬರೀ ಮಣ್ಣು ನೋಡ್ಕೊಂಡು ಹೋಗ್ತಾರೆ.”

ಲಾರಿ ಮಾಲೀಕ ಗೊಣಗುತ್ತ ಹೋದ. ಹೀಗೆ ನಲವತ್ತಾರು ಹೆಸರುಗಳು ಹಲಗೆಯ ಪಾಲಾದವು. ಟೇಪಣ್ಣನಿಗೆ ತನ್ನ ಪ್ರಾಮಾಣಿಕತೆಯ ಮೇಲೆ ಒಳ್ಳೇ ಅಭಿಪ್ರಾಯ ಮೂಡುತ್ತಿರುವಾಗಲೇ, ಕಡೆಯ ವಾರದಲ್ಲಿ, ಅವನು ಏಳನೇ ರಿಜಿಸ್ಟರಿನಲ್ಲಿ ಕಡೆಗೆ ಬಿಟ್ಟಿದ್ದ ಒಂದು ಸಾಲಿಗೆ ಬಂದ.

‘ದರ್ಜಿಯವರ ಹೆಂಡತಿ. ಮೂವತ್ತು ವರ್ಷ. ಬಾಣಂತಿ ಜ್ವರ. ಬಾವಿಯಿಂದ ಪೂರ್ವಕ್ಕೆ ನಲವತ್ತು ಹೆಜ್ಜೆ, ಎಡಕ್ಕೆ ಹನ್ನೆರಡು.’ ಪಕ್ಕದಲ್ಲಿ ಸಣ್ಣಕ್ಷರ: ‘ಹೆಜ್ಜೆ ಮನೆಯವರದ್ದು.’

ಅವನು ಅಪ್ಪನ ಪುಸ್ತಕ ತೆಗೆದು ದಿನಾಂಕ ತಾಳೆ ನೋಡಿದ. ಕೊಕ್ಕರೆ ತೀರಿಕೊಂಡು ಐದು ದಿನವಾಗಿತ್ತು. ಮೊಟಕ ಕೆಲಸಕ್ಕೆ ಸೇರಲು ಇನ್ನೂ ನಾಲ್ಕು ದಿನವಿತ್ತು. ನಡುವಿನ ಆ ಒಂಬತ್ತು ದಿನ ಸ್ಮಶಾನಕ್ಕೆ ಕಾಲೇ ಇರಲಿಲ್ಲ. ನೆರೆಹೊರೆಯವರು ಗುಂಡಿ ತೋಡಿದ್ದರು. ಗುಮಾಸ್ತರು ಜಾಗ ಬರೆದುಕೊಳ್ಳಬೇಕಲ್ಲ, ಅಪ್ಪನನ್ನೇ ನಡೆಯಲು ಹೇಳಿದ್ದರು.

ಅಪ್ಪನ ಕಾಲಿನ ಉದ್ದ ಎಷ್ಟು? ಟೇಪಣ್ಣ ಇಪ್ಪತ್ತನಾಲ್ಕು ಪುಸ್ತಕಗಳನ್ನೂ ತಿರುವಿದ. ಟಪಾಲಿನವನದ್ದಿತ್ತು, ನೀರು ಬಿಡುವವನದ್ದಿತ್ತು, ಮೂರು ಜನ ಹೆಡ್‌ಮಾಸ್ಟರರದ್ದಿತ್ತು, ಒಂದು ಸರ್ಕಸ್ಸಿನ ಕೋಡಂಗಿಯದ್ದೂ ಇತ್ತು. ಅಪ್ಪನದ್ದಿರಲಿಲ್ಲ. ಯಾವ ದರ್ಜಿ ತನ್ನ ಅಳತೆ ತಾನು ಬರೆದಿಡುತ್ತಾನೆ? ಟೇಪಣ್ಣನ ಪುಸ್ತಕದಲ್ಲೂ ಟೇಪಣ್ಣ ಇಲ್ಲ.

ಗುರುವಾರ ಸಂಜೆ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದ. ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತ ಕೇಳಿದಳು. ಅಕ್ಕನ ಮಗಳು ಮಗ್ಗುಲಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು.

“ಎರಡೂವರೆ ಅಡಿ ಅಂತ ಹಾಕ್ಬಿಟ್ರೆ?” ಎಂದ ಟೇಪಣ್ಣ, ಯಾರ ಮುಖವನ್ನೂ ನೋಡದೆ. “ಹೆಚ್ಚುಕಮ್ಮಿ ಅಲ್ಲೇ ಎಲ್ಲೋ ಇರುತ್ತೆ.”

ಅಕ್ಕನ ಮಗಳು ‘ಅಳೆದವರು’ ಅಂಕಣದ ಕೆಳಗಿನ ನಿಯಮವನ್ನು ಪರದೆಯ ಮೇಲೆ ಸ್ವಲ್ಪ ದೊಡ್ಡದು ಮಾಡಿದಳು.

“ಗೊತ್ತು ಕಣೇ, ನಾನೇ ಬರೆಸಿದ್ದು.”

“ಪುಟ್ಟಾ,” ಎಂದಳು ಅಕ್ಕ. “ನಂಗೆ ಎಪ್ಪತ್ತೆರಡು. ಒಂದು ಕಡೆ ನಿಂತ್ಕೋಬೇಕು ಅಂದೆ, ನಿಜ. ಯಾರದ್ದೋ ತಲೆ ಮೇಲೆ ನಿಂತ್ಕೊಂಡು ಅಮ್ಮಾ ಅನ್ನೋಕೆ ನನ್ನಿಂದ ಆಗಲ್ಲ. ಅಷ್ಟಕ್ಕೆ ಬಾವಿಕಟ್ಟೇನೇ ಸಾಕಾಗಿತ್ತಲ್ಲೋ. ಹಲಗೆ ಮೇಲೆ ಬರೆಸು. ಅಕ್ಷರ ಮಾತ್ರ ದೊಡ್ಡದಾಗಿ ಇರ್ಲಿ, ಕನ್ನಡಕ ಇಲ್ದೆ ಓದೋ ಹಾಗೆ.”

ಬೈದಿದ್ದರೆ ಒಳ್ಳೆಯದಿತ್ತು. ಟೇಪಣ್ಣ ನಾರು ತೆಗೆದ ಒಂದು ಕಾಯನ್ನು ಎತ್ತಿಕೊಂಡು ಮತ್ತೊಮ್ಮೆ ನಾರು ತೆಗೆಯತೊಡಗಿದ. ಅಕ್ಕ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

“ಇನ್ನೊಂದು ದಾರಿ ಇದೆ,” ಎಂದ ಕೊನೆಗೆ. “ಅಪ್ಪನ ಪ್ಯಾಂಟು ನಂಗೆ ಆಗ್ತಿತ್ತಲ್ಲ?”

“ಆಗ್ತಿತ್ತು ಏನು, ನಿನ್ನ ಮದುವೆಗೆ ಅದನ್ನೇ ಹಾಕ್ಕೊಂಡಿದ್ದೆ. ಒಂದು ಹೊಲಿಗೆ ಬಿಚ್ಚಿರ್ಲಿಲ್ಲ. ಹಿಂದಿನಿಂದ ನೋಡಿ, ಅಪ್ಪನೇ ನಿಂತಂಗೆ ಕಂಡು ಸೋದರತ್ತೆ ಅತ್ತುಬಿಟ್ರು.”

“ಕಾಲು ಒಂದೇ ಆದ್ರೆ ಹೆಜ್ಜೇನೂ ಒಂದೇ. ನಾಳೆ ನಾನೇ ನಡೀತೀನಿ. ನೀನೂ ಬಾ.”

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಟೇಪಣ್ಣ, ಅಕ್ಕ, ಮೇಡಂ ಮೂವರೂ ಬಾವಿಯ ಹತ್ತಿರ ಸೇರಿದರು. ಅಕ್ಕ ಕಟ್ಟೆಯ ಮೇಲೆ ಕೂತಳು. ಮೇಡಂ ಏಳನೇ ರಿಜಿಸ್ಟರನ್ನು ಎದೆಗವುಚಿಕೊಂಡು ಬಂದಿದ್ದಳು, ಜೊತೆಗೆ ನಕ್ಷೆ ಮತ್ತು ನೂರಡಿಯ ಟೇಪು. ಐದು ಗಂಟೆಗೆ ಪಟ್ಟಿ ಮುಚ್ಚುತ್ತದೆಂದು ಮೊದಲೇ ಹೇಳಿದಳು, ಯಾರೂ ಕೇಳದಿದ್ದರೂ.

ಟೇಪಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಬಾವಿಗೆ ಬೆನ್ನು ಹಾಕಿ ನಡೆದ. ನಲವತ್ತು ಹೆಜ್ಜೆ. ಎಡಕ್ಕೆ ತಿರುಗಿ ಹನ್ನೆರಡು. ನಿಂತು ಕೆಳಗೆ ನೋಡಿದರೆ ಕಾಲಡಿಯಲ್ಲಿ ಒಂದು ಚಪ್ಪಡಿಕಲ್ಲು. ಅದರ ಮೇಲೆ ಒಂದು ಕಹಳೆಯ ಚಿತ್ರ. ಬ್ಯಾಂಡಿನವನೊಬ್ಬನ ಸಮಾಧಿ. ಅಮ್ಮನಿಗಿಂತ ಎರಡು ವರ್ಷ ಮೊದಲೇ ಬಂದು ಮಲಗಿದವನು.

“ಇಲ್ಲಿ ಆಗೋಕೆ ಸಾಧ್ಯ ಇಲ್ಲ,” ಎಂದಳು ಮೇಡಂ.

“ಕಾಣ್ತಾ ಇದೆ ಮೇಡಂ.”

ಮತ್ತೆ ನಡೆದ. ಮತ್ತೆ ಕಹಳೆ. ಮೂರನೇ ಸಲ ಸ್ವಲ್ಪ ಬಗ್ಗಿ ನಡೆದ. ಕಹಳೆಯ ಬಾಯಿಯಿಂದ ಹಿಡಿಕೆಗೆ ಬಂದ, ಅಷ್ಟೇ. ಬಾವಿಯ ಹತ್ತಿರ ವಾಪಸು ಬಂದಾಗ ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು.

“ನಗೋಕೇನಾಯ್ತೇ?”

“ಅಪ್ಪ ಹಿಂಗೆ ನಡೆದ್ರಾ? ಪೊಲೀಸಿನೋನ ಥರ ಕೈ ಬೀಸ್ಕೊಂಡು? ಕೈ ಎಲ್ಲಿತ್ತೋ ಅವ್ರಿಗೆ ಬೀಸೋಕೆ?”

“ಯಾಕೆ, ಕೈಗೇನಾಗಿತ್ತು?”

“ಒಂದ್ರಲ್ಲಿ ನೀನಿದ್ದೆ,” ಎಂದಳು ಅಕ್ಕ. ನಗು ಅಲ್ಲೇ ನಿಂತುಹೋಯಿತು. “ಟವಲಲ್ಲಿ ಸುತ್ತಿ ಎದೆಗೆ ಹಿಡ್ಕೊಂಡಿದ್ರು. ಯಾರು ಕೈ ಚಾಚಿದ್ರೂ ಕೊಡ್ಲಿಲ್ಲ. ಇನ್ನೊಂದು ಕೈ ನಾನು ಹಿಡ್ಕೊಂಡಿದ್ದೆ. ಗುಮಾಸ್ತ್ರು ಎಣಿಸಿ ಎಣಿಸಿ ಅಂದ್ರು. ಅಪ್ಪನಿಗೆ ಬಾಯಿ ಬರ್ಲಿಲ್ಲ. ನಾನೇ ಎಣಿಸಿದ್ದು. ಶಾಲೇಲಿ ನೂರರವರೆಗೆ ಕಲಿಸಿದ್ರಲ್ಲ.”

ಟೇಪಣ್ಣ ಅಕ್ಕನನ್ನೇ ನೋಡಿದ. “ಅರವತ್ತು ವರ್ಷದಿಂದ ಇದನ್ನ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರು? ಎಲ್ಲಾರೂ ಜಾಗ ಎಲ್ಲಿ ಅಂತ ಕೇಳಿದ್ರು. ಜಾಗ ನಂಗೆ ಗೊತ್ತಿರ್ಲಿಲ್ಲ. ಹೆಂಗೆ ನಡೆದ್ರಿ ಅಂತ ಯಾರೂ ಕೇಳ್ಲಿಲ್ಲ.”

ಮೇಡಂ ಎದೆಗವುಚಿಕೊಂಡಿದ್ದ ರಿಜಿಸ್ಟರನ್ನು ಟೇಪಣ್ಣನ ಎಡಗೈಗೆ ಇಟ್ಟಳು. “ಮೂರು ಕೆಜಿ ಮೇಲಿದೆ. ಹನ್ನೆರಡು ದಿನದ ಕೂಸು ಇಷ್ಟೇ ಇರುತ್ತೆ. ಬೆನ್ನು ಹರಿದಿದೆ, ಹುಷಾರಾಗಿ ಹಿಡ್ಕೊಳ್ಳಿ.”

ಅವನು ಹುಷಾರಾಗಿ ಹಿಡಿದುಕೊಂಡ. ಬಲಗೈಯನ್ನು ಅಕ್ಕ ಹಿಡಿದಳು. ಎಪ್ಪತ್ತೆರಡರ ಮಂಡಿನೋವು ಅವಳ ಹೆಜ್ಜೆಯನ್ನು ಒಂಬತ್ತರ ಹುಡುಗಿಯ ಅಳತೆಗೆ ತಂದು ನಿಲ್ಲಿಸಿತ್ತು. ವಯಸ್ಸು ಬಟ್ಟೆಯನ್ನು ಕೊನೆಗೆ ಮೋಟು ಮಾಡಿಯೇ ಬಿಡುತ್ತದೆ. ಟೇಪಣ್ಣ ಎರಡು ಸಲ ಮುಂದೆ ಹೋಗಲು ನೋಡಿದ, ಎರಡು ಸಲವೂ ಅಕ್ಕ ಕೈ ಜಗ್ಗಿದಳು.

“ಓಡ್ಬೇಡ. ಅಪ್ಪ ಓಡ್ಲಿಲ್ಲ.”

ಅಕ್ಕ ಗಟ್ಟಿಯಾಗಿ ಎಣಿಸಿದಳು. ಹದಿನೇಳರ ಹತ್ತಿರ ಒಂದು ಬೇರು ಅಡ್ಡ ಬಂತು, ಸುತ್ತಿ ಹೋದರು. ಇಪ್ಪತ್ತಾರಾದ ಮೇಲೆ ಉಸಿರಿಗೆ ನಿಂತರು. ನಲವತ್ತಕ್ಕೆ ಎಡಕ್ಕೆ ತಿರುಗಿದರು. ಹನ್ನೆರಡು ಮುಗಿದಾಗ ನಿಂತ ಜಾಗದಲ್ಲಿ ಕಲ್ಲಿರಲಿಲ್ಲ, ಗಿಡವಿರಲಿಲ್ಲ, ಗುರುತಿಗೆ ಏನೂ ಇರಲಿಲ್ಲ. ಒಣಹುಲ್ಲು ಮತ್ತು ಒಂದು ಇರುವೆಸಾಲು.

ಮೇಡಂ ನಕ್ಷೆ ಬಿಡಿಸಿದಳು. ಎಡಗಡೆ ಆಸ್ಪತ್ರೆಯ ಕಂಪೌಂಡರನ ಹೆಂಡತಿ, ಕಲ್ಲಿದೆ, ಮೊಟಕನ ಹೆಜ್ಜೆ. ಬಲಗಡೆ ಒಬ್ಬ ಬಡಗಿ, ಅವನಿಗೂ ಕಲ್ಲಿದೆ, ಕೊಕ್ಕರೆಯ ಹೆಜ್ಜೆ. ಈ ಸಾಲಿನಲ್ಲಿ ಒಬ್ಬರ ನಡುವಿನಿಂದ ಇನ್ನೊಬ್ಬರ ನಡುವಿಗೆ ನಾಲ್ಕು ಅಡಿ. ಆದರೆ ಇವರಿಬ್ಬರ ನಡುವೆ ಮೇಡಂ ಟೇಪು ಎಳೆದಾಗ ಎಂಟು ಬಂತು. ಅವಳು ಎರಡನೇ ಸಲ ಎಳೆದಳು. ಎಂಟೇ.

“ಒಬ್ಬರ ಜಾಗ ಖಾಲಿ ಬಿಟ್ಟಿದ್ದಾರೆ,” ಎಂದಳು. “ಕೊಕ್ಕರೆ ಬಿಟ್ಟಿದ್ದಲ್ಲ, ಆಗ ಅವನಿರ್ಲಿಲ್ಲ. ಮೊಟಕ ಬಂದಾಗ ಇಲ್ಲಿ ಹೊಸ ಮಣ್ಣು ಇತ್ತು, ಅದಕ್ಕೇ ಆಚೆ ತೋಡಿದ.”

“ಸರಿಯಾಗಿ ನಡುವೆ ಇದ್ದೀವಾ?” ಎಂದು ಕೇಳಿದ ಟೇಪಣ್ಣ.

“ಇಲ್ಲ. ಒಂದೂವರೆ ಅಡಿ ಬಡಗಿ ಕಡೆ ಇದ್ದೀರಿ.”

“ಬೇರು ಸುತ್ತಿದ್ವಲ್ಲ,” ಎಂದಳು ಅಕ್ಕ. “ಆಗ ಆ ಮರ ಇರ್ಲಿಲ್ಲ.”

ಮೇಡಂ ರಿಜಿಸ್ಟರನ್ನು ಅವನ ಕೈಯಿಂದ ತೆಗೆದುಕೊಂಡು, ಹರಿದ ಬೆನ್ನನ್ನು ಒಮ್ಮೆ ನೋಡಿ, ಹಾಳೆಯ ಮೇಲೆ ಬರೆದಳು. “ಹೆಜ್ಜೆ ಯಾರದ್ದು ಅಂತ ಗೊತ್ತಿದೆ. ಪಕ್ಕದಲ್ಲಿ ತಾಳೆ ನೋಡೋಕೆ ಎರಡು ಕಲ್ಲಿದೆ. ನಿಯಮ ನಿಮ್ದೇ, ನಾನೇನೂ ರಿಯಾಯಿತಿ ಕೊಡ್ತಿಲ್ಲ. ಅಳೆದವರು ಅಂತ ಏನು ಹಾಕ್ಲಿ?”

“ದರ್ಜಿ ಅಂತ ಹಾಕಿ,” ಎಂದ ಟೇಪಣ್ಣ.

“ದರ್ಜಿ ಮತ್ತೆ ಮಗಳು,” ಎಂದಳು ಅಕ್ಕ. “ಎಣಿಸಿದ್ದು ನಾನು.”

ಸೋಮವಾರ ಬೆಳಗ್ಗೆ ಕೆಲಸಗಾರರು ಕಲ್ಲು ನೆಡುತ್ತ ಆ ಸಾಲಿಗೆ ಬಂದಾಗ ಅಕ್ಕ ಆಗಲೇ ಅಲ್ಲಿದ್ದಳು. ಮಗಳು ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಲಿಲ್ಲ. ಕಲ್ಲು ವಾಲಿದೆಯೆಂದು ಕೆಲಸಗಾರನಿಂದ ಎರಡು ಸಲ ಕೀಳಿಸಿ ನೆಡಿಸಿದಳು. ಟೇಪಣ್ಣ ದೂರದಲ್ಲಿ ಫೋನಿನಲ್ಲಿದ್ದ. ಲಾರಿ ಮಾಲೀಕ ಹಲಗೆಯ ಮೇಲೆ ಅಜ್ಜನ ಹೆಸರು ಎಷ್ಟನೇ ಸಾಲಿನಲ್ಲಿ ಬರುತ್ತದೆಂದು ಕೇಳುತ್ತಿದ್ದ.

“ಒಂದು ಕೆಲಸ ಮಾಡಿ ಯಜಮಾನ್ರೆ,” ಎನ್ನುತ್ತಿದ್ದ ಟೇಪಣ್ಣ. “ನಿಮ್ಮ ಮನೇಲಿ ಇರೋ ಎಲ್ಲಾರಿಗಿಂತ ಹಿರಿಯರು ಯಾರು? ಅಜ್ಜನ್ನ ಹೂಳೋವಾಗ ಅಲ್ಲಿದ್ದೋರು? ಅತ್ತೇನಾ? ಜಾಗ ಕೇಳ್ಬೇಡಿ ಅವ್ರನ್ನ. ಅವತ್ತು ಏನೇನಾಯ್ತು ಅಂತ ಕೇಳಿ. ಸುಮ್ನೆ ಕೂತ್ಕೊಂಡು ಕೇಳಿಸ್ಕೊಳ್ಳಿ.”

ಕೆಲಸಗಾರರು ಮುಂದಿನ ಸಾಲಿಗೆ ಹೋದರು. ಅಕ್ಕ ಕಲ್ಲಿನ ಎದುರು ಇನ್ನೂ ನಿಂತೇ ಇದ್ದಳು. ಮಗಳು ಕುರ್ಚಿಯನ್ನು ಅವಳ ಹಿಂದಕ್ಕೆ ಒಂದಿಷ್ಟು ಸರಿಸಿ, “ಅಮ್ಮ, ಕೂತ್ಕೋ. ಮಂಡಿ,” ಎಂದಳು.

“ಇರೇ,” ಎಂದಳು ಅಕ್ಕ. “ಈಗ ತಾನೇ ಬಂದಿದ್ದೀನಿ.”